ಜಾರುವ ಭುಜಕ್ಕೆ ಶಸ್ತ್ರಚಿಕಿತ್ಸೆ: ಕಬಡ್ಡಿ, ಕುಸ್ತಿ ಆಡುವವರೂ ಅವರ ಮನೆಯವರೂ ತಿಳಿದಿರಬೇಕಾದದ್ದು

ಗಂಗಾವತಿ ಸೀಮೆಯ ಒಂದು ಜಾತ್ರೆಯ ಕಬಡ್ಡಿ ಪಂದ್ಯದಲ್ಲಿ, ರೈಡ್ ಮುಗಿಸಿ ಹಿಂದಕ್ಕೆ ತಿರುಗುತ್ತಿದ್ದ ಹುಡುಗನೊಬ್ಬನ ಬಲ ಮಣಿಕಟ್ಟು ಎದುರು ತಂಡದ ಆಟಗಾರನ ಕೈಗೆ ಸಿಕ್ಕಿತು. ಹುಡುಗನ ಮೈ ನಡುಗೆರೆಯತ್ತ ಹೋಯಿತು, ತೋಳು ಮಾತ್ರ ಮೇಲಕ್ಕೂ ಹಿಂದಕ್ಕೂ ತಿರುಚಿಕೊಂಡು ಅಲ್ಲೇ ಉಳಿಯಿತು. ಬಿದ್ದಲ್ಲಿಂದ ಎದ್ದಾಗ ಅವನು ಎಡಗೈಯಿಂದ ಬಲ ಮುಂಗೈಯನ್ನು ಎದೆಗೆ ಅವುಚಿಕೊಂಡಿದ್ದ. ದುಂಡಗಿರಬೇಕಾದ ಭುಜದ ತುದಿ ಪೆಟ್ಟಿಗೆಯ ಮೂಲೆಯಂತೆ ಚೂಪಾಗಿತ್ತು, ಅದರ ಕೆಳಗೆ ಚರ್ಮ ಒಳಕ್ಕೆ ಕುಸಿದಿತ್ತು. ಸುತ್ತ ನಿಂತವರಲ್ಲಿ ಒಬ್ಬರು "ಎಳೀರಿ, ಕೂಡ್ತದ" ಎಂದರು. ಹುಡುಗ ಹಲ್ಲುಕಚ್ಚಿ, "ನಾಕನೇ ಸಲ ರೀ ಇದು, ತಾನ ಕೂಡ್ತದ ಬಿಡ್ರಿ" ಎಂದ.

ಆ "ನಾಕನೇ ಸಲ" ಎಂಬ ಮಾತೇ ಈ ಬರಹಕ್ಕೆ ಕಾರಣ. ಬಳ್ಳಾರಿಯಲ್ಲಿ ಕ್ರೀಡಾಪಟುಗಳಿಗೆ ಫಿಸಿಯೋಥೆರಪಿ ಮಾಡುವ ನನ್ನ ಬಳಿಗೆ ಕೊಪ್ಪಳ, ರಾಯಚೂರು ಕಡೆಯಿಂದ ಬರುವ ಹುಡುಗರಲ್ಲಿ ಹೆಚ್ಚಿನವರು ಮೊದಲ ಸಲ ಭುಜ ಜಾರಿದಾಗ ಬಂದವರಲ್ಲ, ಎಣಿಕೆ ತಪ್ಪಿದ ಮೇಲೆ ಬಂದವರು. ಭುಜ ಜಾರಿದ ಒಂದೊಂದು ಸಲವೂ ಕೀಲಿನ ಬಟ್ಟಲಿನ ಅಂಚು ಸವೆಯುವ ಸಂಭವವಿದೆ, ಮತ್ತು ಆ ಎಲುಬು ಸವೆದಷ್ಟೂ ಮುಂದೆ ಮಾಡಬೇಕಾದ ಶಸ್ತ್ರಚಿಕಿತ್ಸೆ ದೊಡ್ಡದಾಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ "ಆಪರೇಷನ್ ಬೇಕೋ ಬೇಡವೋ" ಎಂಬುದಷ್ಟೇ ಅಲ್ಲ. "ಈಗ ಎಷ್ಟು ಎಲುಬು ಉಳಿದಿದೆ" ಎಂಬುದೂ ಹೌದು.

ಮೈದಾನದಲ್ಲಿ ಮೊದಲ ಗಂಟೆ

ಜಾರಿದ ಭುಜವನ್ನು ಮೈದಾನದಲ್ಲಿ ಎಳೆದು ಕೂಡಿಸಲು ಹೋಗಬಾರದು. ಜೊತೆಗೇ ಎಲುಬು ಮುರಿದಿದ್ದರೆ ಎಳೆತದಿಂದ ಮುರಿತ ಬಿಚ್ಚಿಕೊಳ್ಳಬಹುದು, ಕಂಕುಳಲ್ಲಿ ಹಾದುಹೋಗುವ ನರಕ್ಕೂ ರಕ್ತನಾಳಕ್ಕೂ ಪೆಟ್ಟಾಗಬಹುದು. ತೋಳು ಯಾವ ಭಂಗಿಯಲ್ಲಿ ನಿಂತಿದೆಯೋ ಅದೇ ಭಂಗಿಯಲ್ಲಿ, ಟವೆಲನ್ನು ಸುರುಳಿ ಸುತ್ತಿ ತೋಳಿಗೂ ಪಕ್ಕೆಗೂ ನಡುವೆ ಇಟ್ಟು, ಮುಂಗೈಯನ್ನು ಒಂದು ಶಲ್ಯದಿಂದ ಕೊರಳಿಗೆ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಬೇಕು. ಹೊರಡುವ ಮೊದಲು ಎರಡು ಸಂಗತಿಗಳನ್ನು ನೋಡಿಕೊಳ್ಳಿ. ಭುಜದ ಹೊರಮೈಯಲ್ಲಿ, ಪೊಲೀಸರ ತೋಳಪಟ್ಟಿ ಬರುವ ಜಾಗದಲ್ಲಿ ಬೆರಳಾಡಿಸಿದರೆ ಸ್ಪರ್ಶ ತಿಳಿಯುತ್ತದೆಯೇ? ಮಣಿಕಟ್ಟಿನ ನಾಡಿ ಸಿಗುತ್ತದೆಯೇ, ಬೆರಳುಗಳು ಬೆಚ್ಚಗಿವೆಯೇ? ಸ್ಪರ್ಶ ಮಂದವಾಗಿದ್ದರೆ ಕಂಕುಳಿನ ಆಕ್ಸಿಲರಿ ನರ ಜಗ್ಗಿಕೊಂಡಿರಬಹುದು. ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ನಾಡಿ ಸಿಗದಿದ್ದರೆ ಅಥವಾ ಕೈ ತಣ್ಣಗಾಗಿದ್ದರೆ ಒಂದು ನಿಮಿಷವನ್ನೂ ಕಳೆಯಬಾರದು. ಭುಜ ಕೂಡಿಸಲು ಮಂಪರಿನ ಮದ್ದು ಕೊಡಬೇಕಾಗಬಹುದಾದ್ದರಿಂದ ದಾರಿಯಲ್ಲಿ ಚಹಾ, ಬಾಳೆಹಣ್ಣು ಏನನ್ನೂ ಕೊಡಬೇಡಿ.

ಜನರು ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಈ ಮೂರರಲ್ಲೂ ಎಲುಬು ಕೀಲು ವಿಭಾಗವಿದೆ. ಭುಜ ಕೂಡಿಸುವ ಮೊದಲು ಮತ್ತು ನಂತರ ತೆಗೆದ ಎಕ್ಸ್‌ರೇಗಳನ್ನು ಕೇಳಿ ಪಡೆದು, ಮನೆಯಲ್ಲಿ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ಎರಡು ವರ್ಷದ ನಂತರ ಶಸ್ತ್ರವೈದ್ಯರು ಮೊದಲು ಕೇಳುವುದು ಅವನ್ನೇ.

ನಮ್ಮ ಕಡೆ ಪದೇಪದೇ ಜಾರುವ ಭುಜಕ್ಕೆ ಬರೆ ಹಾಕಿಸುವವರು ಇನ್ನೂ ಇದ್ದಾರೆ. ಸುಮಾರು 2,400 ವರ್ಷಗಳ ಹಿಂದೆ ಗ್ರೀಸ್‌ನ ಹಿಪಾಕ್ರಟೀಸ್ ಪರಂಪರೆಯ ವೈದ್ಯರೂ ಇದೇ ತೊಂದರೆಗೆ ಕಂಕುಳಲ್ಲಿ ಕಾದ ಕಬ್ಬಿಣದಿಂದ ಸುಡುತ್ತಿದ್ದರು; ಸುಟ್ಟ ಗಾಯ ಮಾಗಿ ಬಿಗಿದುಕೊಂಡರೆ ಕೀಲೂ ಬಿಗಿಯಾದೀತು ಎಂಬುದು ಅವರ ಲೆಕ್ಕ. ಬರೆ ಹಾಕಿಸುವ ಹಿರಿಯರು ತಿಳಿಗೇಡಿಗಳೆಂದು ನಾನು ಎಂದೂ ಹೇಳುವುದಿಲ್ಲ. ಆದರೆ ಹರಿದದ್ದು ಚರ್ಮದಿಂದ ಬಹಳ ಆಳದಲ್ಲಿದೆ, ಬರೆಯ ಬಿಸಿ ಅಲ್ಲಿಗೆ ಮುಟ್ಟುವುದಿಲ್ಲ. ಹಸಿ ಗಾಯವಿರುವ ಚರ್ಮದ ಮೇಲೆ ಯಾವ ಶಸ್ತ್ರವೈದ್ಯರೂ ಕತ್ತರಿ ಇಡುವುದಿಲ್ಲವಾದ್ದರಿಂದ, ಬರೆ ಹಾಕಿಸಿಕೊಂಡವರ ಶಸ್ತ್ರಚಿಕಿತ್ಸೆ ಗಾಯ ಮಾಯುವ ತನಕ ಮುಂದೆ ಹೋಗುತ್ತದೆ.

ಒಳಗೆ ಏನು ಹರಿದಿರುತ್ತದೆ

ಸೊಂಟದ ಕೀಲು ಒರಳಿನಲ್ಲಿ ಕೂತ ಗುಂಡುಕಲ್ಲಿನ ಹಾಗೆ. ಭುಜದ ಕೀಲು ಚಹಾದ ಬಸಿಯ ಮೇಲಿಟ್ಟ ಲಿಂಬೆಹಣ್ಣಿನ ಹಾಗೆ. ತೋಳಿನ ಎಲುಬಿನ ಗುಂಡು ದೊಡ್ಡದು, ಅದನ್ನು ಹೊರುವ ಗ್ಲೆನಾಯ್ಡ್ ಎಂಬ ಬಟ್ಟಲು ಚಿಕ್ಕದು, ಆಳವಿಲ್ಲದ್ದು. ಯಾವುದೇ ಗಳಿಗೆಯಲ್ಲಿ ಗುಂಡಿನ ಮೂರನೇ ಒಂದು ಪಾಲೂ ಬಟ್ಟಲಿಗೆ ತಾಗಿರುವುದಿಲ್ಲ. ತೋಳು ಎಲ್ಲ ದಿಕ್ಕಿಗೂ ತಿರುಗುವುದು ಇದರಿಂದಲೇ, ಜಾರುವುದೂ ಇದರಿಂದಲೇ. ಬಟ್ಟಲಿನ ಸುತ್ತ ಲೇಬ್ರಮ್ ಎಂಬ ರಬ್ಬರಿನಂಥ ಅಂಚುಪಟ್ಟಿ ಇದ್ದು, ಕೀಲಿನ ಚೀಲವೂ ಎಲುಬುಗಳನ್ನು ಕಟ್ಟಿಹಿಡಿಯುವ ಲಿಗಮೆಂಟುಗಳೂ ಅದಕ್ಕೆ ಅಂಟಿಕೊಂಡಿರುತ್ತವೆ. ಬಹುಪಾಲು ಭುಜಗಳು ಮುಂದಕ್ಕೇ ಜಾರುತ್ತವೆ. ಹಾಗೆ ಜಾರುವಾಗ ಗುಂಡು ಈ ಪಟ್ಟಿಯನ್ನು ಬಟ್ಟಲಿನ ಮುಂದಿನ ಕೆಳ ಅಂಚಿನಿಂದ ಕಿತ್ತುಕೊಂಡು ಹೋಗುತ್ತದೆ. ಇಂಗ್ಲೆಂಡಿನ ಶಸ್ತ್ರವೈದ್ಯ ಬ್ಯಾಂಕಾರ್ಟ್ 1923ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಬ್ಯಾಂಕಾರ್ಟ್ ಗಾಯವೆಂದೇ ಹೆಸರು. ಅದೇ ಹೊತ್ತಿಗೆ ಗುಂಡಿನ ಹಿಂಬದಿ ಬಟ್ಟಲಿನ ಗಟ್ಟಿ ಅಂಚಿಗೆ ಬಡಿದು ಗುಳಿ ಬೀಳುತ್ತದೆ. 1940ರಲ್ಲಿ ಇದನ್ನು ವಿವರಿಸಿದ ಇಬ್ಬರು ಎಕ್ಸ್‌ರೇ ತಜ್ಞರ ಹೆಸರಿನಿಂದ ಇದು ಹಿಲ್-ಸ್ಯಾಕ್ಸ್ ಗುಳಿ.

ಪಟ್ಟಿ ಕಿತ್ತುಹೋದದ್ದನ್ನು ಹೊಲಿಯಬಹುದು. ಬಟ್ಟಲಿನ ಅಂಚಿನ ಎಲುಬೇ ಸವೆದರೆ ಹೊಲಿಗೆಗೆ ಆಸರೆ ಇರುವುದಿಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಎಲುಬನ್ನು ಅಳೆಸುವುದು

ಎಂಆರ್‌ಐ ಲೇಬ್ರಮ್ಮನ್ನೂ ಲಿಗಮೆಂಟನ್ನೂ ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳನ್ನೂ ತೋರಿಸುತ್ತದೆ. ಆದರೆ ಎರಡಕ್ಕಿಂತ ಹೆಚ್ಚು ಸಲ ಭುಜ ಜಾರಿದ್ದರೆ, ಅಥವಾ ಎಕ್ಸ್‌ರೇಯಲ್ಲಿ ಬಟ್ಟಲಿನ ಅಂಚು ಮಸುಕಾಗಿದ್ದರೆ, ಎಂಆರ್‌ಐ ಒಂದಕ್ಕೇ ನಿಲ್ಲದೆ ತ್ರೀಡಿ ಸಿಟಿ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ. ವರದಿಯಲ್ಲಿ "ಬೋನ್ ಲಾಸ್ ಇದೆ" ಎಂದಷ್ಟೇ ಬರೆದಿದ್ದರೆ ಸಾಲದು. ಎಷ್ಟು ಮಿಲಿಮೀಟರ್, ಎಷ್ಟು ಶೇಕಡಾ ಎಂಬ ಅಂಕಿ ಬೇಕು. ವಯಸ್ಕ ಗಂಡಸರಲ್ಲಿ ಬಟ್ಟಲಿನ ಕೆಳಭಾಗದ ಅಗಲ ಸುಮಾರು 25ರಿಂದ 30 ಮಿ.ಮೀ. ಇರುತ್ತದೆ. ಅಂದರೆ ಒಂದು ಬಿಳಿಜೋಳದ ಕಾಳಿಗಿಂತ ತುಸು ದಪ್ಪನೆಯ ಚೂರು, 5 ಅಥವಾ 6 ಮಿ.ಮೀ., ಹೋಯಿತೆಂದರೆ ಐದನೇ ಒಂದು ಪಾಲು ಹೋದಂತೆ. ಬಹುಕಾಲ ಶೇ. 20ರಿಂದ 25ರಷ್ಟು ನಷ್ಟವನ್ನು ಅಪಾಯದ ಗೆರೆ ಎಂದು ಹಿಡಿಯುತ್ತಿದ್ದರು. 2015ರಲ್ಲಿ ಅಮೆರಿಕದ ಸೈನಿಕರ ಮೇಲೆ ನಡೆದ ಅಧ್ಯಯನವೊಂದು, ಶೇ. 13.5ಕ್ಕಿಂತ ಹೆಚ್ಚು ಎಲುಬು ಸವೆದವರಲ್ಲಿ ಬರೀ ಹೊಲಿಗೆ ಹಾಕಿದಾಗ, ಭುಜ ಮತ್ತೆ ಜಾರದಿದ್ದರೂ ಕೆಲಸಕ್ಕೆ ಸರಿಯಾಗಿ ಒದಗುವುದಿಲ್ಲ ಎಂದು ತೋರಿಸಿತು. ಅಂದಿನಿಂದ ಆ ಗೆರೆ ಕೆಳಗಿಳಿದಿದೆ.

ಗುಂಡಿನ ಹಿಂದಿನ ಗುಳಿಯನ್ನೂ ಅಳೆಯಬೇಕು. ತೋಳೆತ್ತಿ ಹೊರಕ್ಕೆ ತಿರುಗಿಸಿದಾಗ ಆ ಗುಳಿ ಬಟ್ಟಲಿನ ಅಂಚಿನ ಮೇಲೇ ಬಂದು ಒಳಕ್ಕೆ ಸಿಕ್ಕಿಬೀಳುವಂತಿದ್ದರೆ ಅದನ್ನು "ಆಫ್ ಟ್ರ್ಯಾಕ್" ಎನ್ನುತ್ತಾರೆ; ಹಾಗೆ ಸಿಕ್ಕಿಬೀಳದಿದ್ದರೆ "ಆನ್ ಟ್ರ್ಯಾಕ್". ಈ ಎರಡು ಮಾತುಗಳಲ್ಲಿ ಯಾವುದು ನಿಮ್ಮ ಭುಜಕ್ಕೆ ಸಲ್ಲುತ್ತದೆ ಎಂದು ವೈದ್ಯರನ್ನು ನೇರವಾಗಿ ಕೇಳುವುದರಲ್ಲಿ ಸಂಕೋಚಪಡಬೇಕಾದದ್ದೇನೂ ಇಲ್ಲ.

ಅಂಕಿಗಳಿಗೂ ಮೊದಲು ವೈದ್ಯರ ಕೈ ಪರೀಕ್ಷೆ ಇದೆ. ಹುಡುಗನನ್ನು ಮಲಗಿಸಿ, ತೋಳನ್ನು ಪಕ್ಕಕ್ಕೆತ್ತಿ, ಮೊಣಕೈ ಮಡಿಸಿ, ಮುಂಗೈಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತಾರೆ. ಆಗ ನಾನು ಭುಜವನ್ನು ನೋಡುವುದಿಲ್ಲ, ಮುಖ ನೋಡುತ್ತೇನೆ. ಹುಬ್ಬು ಗಂಟಾಗುತ್ತದೆ, ಕುತ್ತಿಗೆ ಬಿಗಿಯುತ್ತದೆ, ಇನ್ನೊಂದು ಕೈ ತಾನಾಗಿಯೇ ಭುಜಕ್ಕೆ ಬರುತ್ತದೆ. ನೋವು ಇಲ್ಲದಿದ್ದರೂ "ಈಗ ಜಾರುತ್ತದೆ" ಎಂಬ ಆ ಅಂಜಿಕೆಯೇ ಅಸ್ಥಿರತೆಯ ದೊಡ್ಡ ಗುರುತು.

ಯಾರಿಗೆ ಬೇಕು, ಯಾರಿಗೆ ಬೇಡ

ಇಪ್ಪತ್ತರೊಳಗಿನ, ಮೈಗೆ ಮೈ ತಾಗುವ ಆಟ ಆಡುವ ಹುಡುಗನಲ್ಲಿ ಒಮ್ಮೆ ಜಾರಿದ ಭುಜ ಶಸ್ತ್ರಚಿಕಿತ್ಸೆಯಿಲ್ಲದೆ ಮತ್ತೆ ಜಾರುವ ಸಂಭವ ಅರ್ಧಕ್ಕಿಂತ ಹೆಚ್ಚು. ಹಾಗಾಗಿ ಇಂಥವರಿಗೆ ಮೊದಲ ಸಲವೇ ಶಸ್ತ್ರಚಿಕಿತ್ಸೆಯ ಮಾತೆತ್ತುವುದು ಇಂದು ಅತಿ ಎನಿಸುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕಬಡ್ಡಿ, ಕುಸ್ತಿ, ಜೂಡೊ ಆಡುವ ಹುಡುಗ ಅಥವಾ ಹುಡುಗಿ ಎರಡನೇ ಸಲ ಭುಜ ಜಾರಿಸಿಕೊಂಡ ಮೇಲೆ "ಇನ್ನೊಂದು ಸೀಸನ್ ನೋಡೋಣ" ಎನ್ನುವುದು ಎಲುಬನ್ನು ಅಡವಿಟ್ಟು ಆಡಿದಂತೆ.

ವೈದ್ಯರು ಬಳಸುವ ಒಂದು ಎಣಿಕೆ ಇದೆ. ಬಾಲ್ಗ್ ಮತ್ತು ಬ್ವಾಲೊ ಎಂಬ ಶಸ್ತ್ರವೈದ್ಯರು 2007ರಲ್ಲಿ ಮುಂದಿಟ್ಟದ್ದು. ವಯಸ್ಸು 20 ಅಥವಾ ಅದಕ್ಕಿಂತ ಕಡಿಮೆಯಿದ್ದರೆ 2, ಸ್ಪರ್ಧಾ ಮಟ್ಟದಲ್ಲಿ ಆಡುತ್ತಿದ್ದರೆ 2, ಮೈತಾಗುವ ಅಥವಾ ತಲೆಯ ಮೇಲಿಂದ ಬಲವಾಗಿ ಕೈ ಬೀಸುವ ಆಟವಾದರೆ 1, ಕೀಲು ಹುಟ್ಟಾ ಸಡಿಲವಾಗಿದ್ದರೆ 1, ತೋಳನ್ನು ಹೊರಕ್ಕೆ ತಿರುಗಿಸಿ ತೆಗೆದ ಎಕ್ಸ್‌ರೇಯಲ್ಲಿ ಗುಳಿ ಕಂಡರೆ 2, ಬಟ್ಟಲಿನ ಅಂಚು ಅಳಿಸಿಹೋಗಿದ್ದರೆ 2, ಒಟ್ಟು 10. ಮೊತ್ತ 6ನ್ನು ದಾಟಿದವರಲ್ಲಿ ಚಿಕ್ಕ ತೂತುಗಳ ಮೂಲಕ ಬರೀ ಕೀಹೋಲ್ ಹೊಲಿಗೆ ಹಾಕಿದರೆ ಭುಜ ಮತ್ತೆ ಜಾರುವ ಸಂಭವ ಶೇ. 70 ಎಂದು ಅವರ ಅಧ್ಯಯನ ಹೇಳಿತು. ಸ್ಪರ್ಧೆಗೆ ಇಳಿಯುವ 19 ವರ್ಷದ ಕಬಡ್ಡಿ ಆಟಗಾರ ಎಕ್ಸ್‌ರೇ ತೆಗೆಸುವ ಮೊದಲೇ 5 ಅಂಕ ಪಡೆದಿರುತ್ತಾನೆ ಎಂಬುದನ್ನು ಗಮನಿಸಿ.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಉತ್ತರವಲ್ಲ. ಪೆಟ್ಟೇ ಬೀಳದೆ ಎರಡೂ ಭುಜಗಳು ಎಲ್ಲ ದಿಕ್ಕಿಗೂ ಸಡಿಲವಾಗಿರುವವರಿಗೆ ತಿಂಗಳುಗಟ್ಟಲೆಯ ವ್ಯಾಯಾಮವೇ ಮೊದಲ ಚಿಕಿತ್ಸೆ. ಫಿಟ್ಸ್ ಬಂದು ಭುಜ ಜಾರಿದವರಿಗೆ ಮೊದಲು ಫಿಟ್ಸ್ ಹತೋಟಿಗೆ ಬರಬೇಕು, ಇಲ್ಲದಿದ್ದರೆ ಯಾವ ರಿಪೇರಿಯೂ ಉಳಿಯದು. ಫಿಟ್ಸ್‌ನಲ್ಲಿ ಭುಜ ಹಿಂದಕ್ಕೆ ಜಾರುವುದುಂಟು, ಅದು ಒಂದೇ ಕೋನದ ಎಕ್ಸ್‌ರೇಯಲ್ಲಿ ಕಣ್ಣುತಪ್ಪುವುದೂ ಉಂಟು. ನಲವತ್ತು ದಾಟಿದ ಹಳೆಯ ಪೈಲವಾನರಲ್ಲಿ ಹರಿಯುವುದು ಹೆಚ್ಚಾಗಿ ಗುಂಡನ್ನು ಸುತ್ತಿ ಹಿಡಿಯುವ ರೋಟೇಟರ್ ಕಫ್ ಸ್ನಾಯು. ಅವರ ದಾರಿಯೇ ಬೇರೆ.

ಯಾವ ಶಸ್ತ್ರಚಿಕಿತ್ಸೆ

ಎಲುಬು ಬಹುಪಾಲು ಉಳಿದಿದ್ದರೆ ಮಾಡುವುದು ಕೀಹೋಲ್ ಬ್ಯಾಂಕಾರ್ಟ್ ರಿಪೇರಿ. ಚಿಕ್ಕ ತೂತುಗಳ ಮೂಲಕ ಕ್ಯಾಮೆರಾ ನಳಿಗೆಯನ್ನೂ ಸಾಧನಗಳನ್ನೂ ಒಳಗಿಟ್ಟು, ಬಟ್ಟಲಿನ ಅಂಚನ್ನು ಕೆರೆದು ಹಸಿಯಾಗಿಸಿ, ದಾರ ಕಟ್ಟಿದ ಆಂಕರ್ ಎಂಬ ಪುಟ್ಟ ಮೊಳೆಗಳನ್ನು ಎಲುಬಿನಲ್ಲಿ ಕೂರಿಸಿ, ಕಿತ್ತುಹೋದ ಲೇಬ್ರಮ್ಮನ್ನು ಮೇಲಕ್ಕೆಳೆದು ಗಂಟು ಹಾಕುತ್ತಾರೆ. ಸಾಮಾನ್ಯವಾಗಿ ಮೂರು ಅಥವಾ ಹೆಚ್ಚು ಆಂಕರ್ ಬೇಕಾಗುತ್ತವೆ. ಗುಂಡಿನ ಗುಳಿ ದೊಡ್ಡದಿದ್ದರೆ, ಇದರ ಜೊತೆಗೇ ಹಿಂಬದಿಯ ಸ್ನಾಯುರಜ್ಜನ್ನು ಆ ಗುಳಿಯೊಳಕ್ಕೆ ಹೊಲಿದು ತುಂಬುತ್ತಾರೆ. ಇದರ ಹೆಸರು ರಾಂಪ್ಲಿಸಾಜ್. ಫ್ರೆಂಚಿನಲ್ಲಿ ಆ ಪದಕ್ಕೆ ತುಂಬುವುದು ಎಂದೇ ಅರ್ಥ. ತೋಳು ಹೊರಕ್ಕೆ ತಿರುಗುವುದು ಇದರಿಂದ ಸ್ವಲ್ಪ ಕಡಿಮೆಯಾಗಬಹುದಾದ್ದರಿಂದ, ಭರ್ಜಿ ಎಸೆಯುವವರೂ ವೇಗದ ಬೌಲರುಗಳೂ ಇದರ ಬಗ್ಗೆ ಮೊದಲೇ ಮಾತಾಡಬೇಕು.

ಬಟ್ಟಲಿನ ಎಲುಬು ಸವೆದಿದ್ದರೆ ಲಾಟರ್ಜೆ. ಫ್ರಾನ್ಸಿನ ಮಿಷೆಲ್ ಲಾಟರ್ಜೆ 1954ರಲ್ಲಿ ವಿವರಿಸಿದ ಈ ವಿಧಾನದಲ್ಲಿ, ಭುಜದ ಮುಂದಿರುವ ಕೊರಾಕಾಯ್ಡ್ ಎಂಬ ಕೊಕ್ಕೆಯಾಕಾರದ ಎಲುಬನ್ನು ಅದಕ್ಕಂಟಿದ ಸ್ನಾಯುಗಳ ಸಮೇತ ಕತ್ತರಿಸಿ, ಬಟ್ಟಲಿನ ಸವೆದ ಅಂಚಿಗೆ ಸಾಮಾನ್ಯವಾಗಿ ಎರಡು ಸ್ಕ್ರೂಗಳಿಂದ ಬಿಗಿಯುತ್ತಾರೆ. ಹೊಲದ ಬದು ಕೊಚ್ಚಿಹೋದಲ್ಲಿ ಕಲ್ಲು ಕಟ್ಟಿದ ಹಾಗೆ ಬಟ್ಟಲು ಅಗಲವಾಗುತ್ತದೆ. ಅಷ್ಟೇ ಅಲ್ಲ, ತೋಳೆತ್ತಿದಾಗ ಎಲುಬಿನ ಜೊತೆ ಬಂದ ಸ್ನಾಯು ಗುಂಡಿನ ಮುಂದೆ ಜೋಳಿಗೆಯ ಪಟ್ಟಿಯಂತೆ ಬಿಗಿದು ನಿಲ್ಲುತ್ತದೆ. ಮೈತಾಗುವ ಆಟದವರಿಗೆ ಇದು ಬಲವಾದ ರಿಪೇರಿ. ಆದರೆ ನರಗಳ ಹತ್ತಿರದ ಕೆಲಸ, ಕೂರಿಸಿದ ಎಲುಬು ಕೂಡದಿರುವ ಅಥವಾ ಕರಗುವ ಸಾಧ್ಯತೆ, ಸ್ಕ್ರೂ ತಾಗುವ ತೊಂದರೆ ಇವೆಲ್ಲ ಹೊಲಿಗೆಯಲ್ಲಿ ಇರುವುದಕ್ಕಿಂತ ಇಲ್ಲಿ ಹೆಚ್ಚು. ಎರಡರಲ್ಲೂ ಸೋಂಕು, ಬಿಗಿತ, ಮತ್ತೆ ಜಾರುವುದು ಮತ್ತು ವರ್ಷಗಳ ಮೇಲೆ ಕೀಲು ಸವೆತ ಬರುವುದು ಸಾಧ್ಯ. ಲಾಟರ್ಜೆಯನ್ನು ಆಗಾಗ ಮಾಡುವವರ ಕೈಯಲ್ಲೇ ಮಾಡಿಸಬೇಕು. "ಇಂಥವನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ" ಎಂದು ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಆ ಉತ್ತರಕ್ಕಾಗಿ ಬಳ್ಳಾರಿಯವರು ಬೆಂಗಳೂರಿಗೂ ರಾಯಚೂರಿನವರು ಹೈದರಾಬಾದಿಗೂ ಹೋಗಬೇಕಾಗಿ ಬಂದರೆ ಹೋಗುವುದು ಲೇಸು.

ದಿನ ಗೊತ್ತುಮಾಡುವ ಮುನ್ನ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಬಳಿ ಹೋಗಿ, ನಿಮಗೆ ಹೇಳಿರುವ ಶಸ್ತ್ರಚಿಕಿತ್ಸೆ ಪಟ್ಟಿಯಲ್ಲಿದೆಯೇ, ರೆಫರಲ್ ಪತ್ರ ಬೇಕೇ, ಆಂಕರ್‌ಗಳ ಬೆಲೆ ಪ್ಯಾಕೇಜಿನೊಳಗೆ ಬರುತ್ತದೆಯೇ ಎಂದು ಕೇಳಿ. ಆಂಕರ್‌ಗಳನ್ನು ಒಂದೊಂದಕ್ಕೂ ಬೇರೆ ಲೆಕ್ಕ ಹಿಡಿಯುವುದರಿಂದ ಬಿಲ್ಲು ಬೆಳೆಯುವುದು ಅಲ್ಲಿಯೇ.

ಗುಟ್ಕಾ, ಬೀಡಿ, ಸಿಗರೇಟು ಬಿಡಬೇಕು. ತಂಬಾಕಿನ ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸಿ ಎಲುಬು ಕೂಡುವುದನ್ನು ತಡೆಯುತ್ತದೆ; ಲಾಟರ್ಜೆ ಮಾಡಿಸಿಕೊಂಡವನು ಬಾಯಲ್ಲಿ ಗುಟ್ಕಾ ಇಟ್ಟುಕೊಂಡಿದ್ದರೆ ಆ ಎರಡು ಸ್ಕ್ರೂಗಳಷ್ಟೇ ಎಲುಬನ್ನು ಹಿಡಿದಿರುತ್ತವೆ. ತಿಂಗಳನ್ನೂ ಯೋಚಿಸಿ ಆರಿಸಿಕೊಳ್ಳಿ. ರಾಯಚೂರಿನ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ತೋಳನ್ನು ಪಕ್ಕೆಗೆ ಕಟ್ಟಿಕೊಂಡಿರುವುದು ಕಠಿಣ. ತುರ್ತಿಲ್ಲದಿದ್ದರೆ ಮಳೆ ಬಿದ್ದ ಮೇಲೆ ಮಾಡಿಸಿಕೊಳ್ಳಬಹುದು, ಆದರೆ ಆ ನಡುವೆ ಆಡಬಾರದು.

ಸ್ಲಿಂಗಿನ ವಾರಗಳು

ಕುತ್ತಿಗೆಯ ಬಳಿ ಕೊಡುವ ನರದ ಅರಿವಳಿಕೆಯಿಂದ ಮೊದಲ ರಾತ್ರಿ ಕೈ ಮರದ ಕೊರಡಿನಂತೆ ಇರುತ್ತದೆ. ಅದು ಇಳಿಯುವ ಮೊದಲೇ ನೋವಿನ ಮಾತ್ರೆ ತೆಗೆದುಕೊಳ್ಳಬೇಕು. ಬ್ಯಾಂಕಾರ್ಟ್ ಆದವರಿಗೆ ಸ್ಲಿಂಗ್, ಅಂದರೆ ತೋಳನ್ನು ಕೊರಳಿಗೆ ತೂಗುಹಾಕುವ ಪಟ್ಟಿ, 4ರಿಂದ 6 ವಾರ. ಲಾಟರ್ಜೆಯಲ್ಲಿ ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಅರ್ಧ ಒರಗಿ ಮಲಗಿ, ಮೊಣಕೈಯ ಕೆಳಗೆ ದಿಂಬು ಇಡಿ. ಸ್ನಾನದ ಹೊತ್ತಿನಲ್ಲಿ ಮುಂದಕ್ಕೆ ಬಾಗಿ ತೋಳನ್ನು ಇಳಿಬಿಟ್ಟು ಕಂಕುಳು ತೊಳೆದು, ಒಣಬಟ್ಟೆಯಿಂದ ಒತ್ತಿ ಒರೆಸಿ, ತೆಳುವಾದ ಹತ್ತಿಬಟ್ಟೆಯನ್ನು ಮಡಿಸಿ ಇಡಿ; ನಮ್ಮ ಬಿಸಿಲಿನಲ್ಲಿ ಬೆವರಿನಿಂದ ಆ ಜಾಗ ಬೇಗ ಹುಣ್ಣಾಗುತ್ತದೆ. ಬೆರಳು, ಮಣಿಕಟ್ಟುಗಳನ್ನು ಮೊದಲ ದಿನದಿಂದ ಆಡಿಸಬೇಕು. ತೋಳನ್ನು ಹೊರಕ್ಕೆ ತಿರುಗಿಸುವುದು ಮಾತ್ರ ವೈದ್ಯರು ಹೇಳಿದ ಮಿತಿಯೊಳಗೇ. ಲಾಟರ್ಜೆಯಾದವರು ಆರು ವಾರ ಆ ಕೈಯಿಂದ ಕೊಡ, ಬಕೆಟ್ಟು ಎತ್ತಬಾರದು, ಏಕೆಂದರೆ ಮೊಣಕೈ ಮಡಿಸುವ ಸ್ನಾಯುವಿನ ಒಂದು ಎಳೆ ಈಗ ಹೊಸದಾಗಿ ಕೂರಿಸಿದ ಎಲುಬನ್ನೇ ಜಗ್ಗುತ್ತದೆ. ಜ್ವರ, ಕೀವು, ಹೆಚ್ಚುತ್ತಲೇ ಹೋಗುವ ನೋವು ಅಥವಾ ಅರಿವಳಿಕೆ ಇಳಿದ ಮೇಲೂ ಉಳಿದ ಜೋಮು ಕಂಡರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಹೋಗಿ.

ಆರು ವಾರದ ನಂತರ ಚಲನೆ, ಹನ್ನೆರಡು ವಾರದ ಹೊತ್ತಿಗೆ ಬಲದ ವ್ಯಾಯಾಮ, ಮೈತಾಗುವ ಆಟಕ್ಕೆ ಸುಮಾರು ಆರು ತಿಂಗಳು. ಕಷ್ಟವಿರುವುದು ಮೂರನೇ ತಿಂಗಳಿನಲ್ಲಿ. ಆಗ ನೋವಿರುವುದಿಲ್ಲ, ಕೈ ಪೂರ್ತಿ ಮೇಲೆ ಹೋಗುತ್ತದೆ, ಹುಡುಗ ತಾನು ಗುಣವಾದೆ ಎಂದುಕೊಳ್ಳುತ್ತಾನೆ. ಆದರೆ ಒಳಗೆ ಲೇಬ್ರಮ್ ಎಲುಬಿಗೆ ಈಗಷ್ಟೇ ಅಂಟಿದೆ, ಗಟ್ಟಿಯಾಗಿಲ್ಲ. ವರ್ಷಗಳ ಹಿಂದೆ ಅಂಥ ಒಬ್ಬ ಹುಡುಗನಿಗೆ ಮೂರೂವರೆ ತಿಂಗಳಿಗೆ "ಹಗುರವಾಗಿ ಅಭ್ಯಾಸ ಮಾಡು" ಎಂದು ನಾನು ಒಪ್ಪಿಗೆ ಕೊಟ್ಟೆ. ಅವನು ಮುಂದಿನ ವಾರವೇ ಟೂರ್ನಿಗೆ ಹೋದ, ಹೊಲಿಗೆ ಕಿತ್ತುಹೋಯಿತು. ಆಡಿದ್ದು ಅವನಾದರೂ ತಪ್ಪು ನನ್ನದು. ಅಂದಿನಿಂದ ತಿಂಗಳ ಲೆಕ್ಕವನ್ನಷ್ಟೇ ನಂಬದೆ ಪರೀಕ್ಷೆ ಮಾಡಿಯೇ ಬಿಡುತ್ತೇನೆ.

ಆ ಪರೀಕ್ಷೆಗೆ ಯಂತ್ರ ಬೇಕಿಲ್ಲ. ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್ಸ್‌ಪೈರ್ ಇನ್ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಂಥ ಕಡೆ ಕುಸ್ತಿ, ಜೂಡೊ ಕಲಿಯುವವರಿಗೆ ಕ್ರೀಡಾ ವಿಜ್ಞಾನದ ಸೌಲಭ್ಯವಿದೆ. ಕುಷ್ಟಗಿಯ ಅಥವಾ ದೇವದುರ್ಗದ ಮಣ್ಣಿನ ಅಂಕಣದವರಿಗೆ ಅಂಟುಪಟ್ಟಿ ಸಾಕು. ನೆಲದ ಮೇಲೆ 91 ಸೆಂ.ಮೀ. ಅಂತರದಲ್ಲಿ ಎರಡು ಪಟ್ಟಿ ಅಂಟಿಸಿ, ದಂಡ ಹೊಡೆಯುವ ಭಂಗಿಯಲ್ಲಿ ಎರಡೂ ಕೈ ಊರಿ, ಒಂದೊಂದೇ ಕೈಯೆತ್ತಿ ಎದುರಿನ ಪಟ್ಟಿ ಮುಟ್ಟಬೇಕು. 15 ಸೆಕೆಂಡಿನಲ್ಲಿ 21ಕ್ಕಿಂತ ಕಡಿಮೆಯಾದರೆ ಸಿದ್ಧನಿಲ್ಲ. ತೋಳನ್ನು ಒಳಕ್ಕೂ ಹೊರಕ್ಕೂ ತಿರುಗಿಸುವ ಬಲ ಇನ್ನೊಂದು ಭುಜದ ಶೇ. 90ರಷ್ಟಾದರೂ ಇರಬೇಕು. ಲಾಟರ್ಜೆಯಾದವರಿಗೆ ಎಲುಬು ಕೂಡಿದೆಯೆಂದು ಸಿಟಿ ತೋರಿಸಿರಬೇಕು. ಕೊನೆಗೆ, ತೋಳೆತ್ತಿ ಹಿಂದಕ್ಕೆ ತಿರುಗಿಸಿದಾಗ ಮುಖದಲ್ಲಿ ಅಂಜಿಕೆ ಕಾಣಬಾರದು.

ನಾಲ್ಕನೇ ಸಲ ಜಾರಿದ ಆ ಗಂಗಾವತಿ ಕಡೆಯ ಹುಡುಗನಿಗೆ ಸಿಟಿಯಲ್ಲಿ 6 ಮಿ.ಮೀ. ಎಲುಬು ಸವೆದದ್ದು ಕಂಡು ಲಾಟರ್ಜೆ ಆಯಿತು. ಏಳನೇ ತಿಂಗಳಿಗೆ ಅವನು ಪಟ್ಟಿಯ ಪರೀಕ್ಷೆಯಲ್ಲಿ 23 ಸಲ ಮುಟ್ಟಿದ, ಎಲುಬೂ ಕೂಡಿತ್ತು, ಬಲವೂ ಬಂದಿತ್ತು. ಮಲಗಿಸಿ ತೋಳು ತಿರುಗಿಸಿದಾಗ ಮಾತ್ರ ಎಡಗೈ ಇನ್ನೂ ಭುಜದತ್ತ ಅರ್ಧ ದಾರಿ ಬಂತು. ಆ ವರ್ಷದ ಜಾತ್ರೆಯ ಪಂದ್ಯವನ್ನು ಅವನು ಗೆರೆಯಾಚೆ ಕೂತು ನೋಡಿದ. ಇನ್ನೂ ಆರು ವಾರ ಬೀಳುವುದನ್ನು, ಉರುಳುವುದನ್ನು, ಮಣಿಕಟ್ಟು ಹಿಡಿದಾಗ ಮೊಣಕೈಯನ್ನು ಪಕ್ಕೆಗೆ ತಂದುಕೊಂಡು ಬಿಡಿಸಿಕೊಳ್ಳುವುದನ್ನು ದಿನಾ ಅಭ್ಯಾಸ ಮಾಡಿದ ಮೇಲೆ ಮತ್ತೆ ಮಲಗಿಸಿ ನೋಡಿದೆ. ಎಡಗೈ ಚಾಪೆಯ ಮೇಲೆ ಸುಮ್ಮನೆ ಬಿದ್ದಿತ್ತು.